ಹಳೆಯ ತಂತ್ರಾಂಶ, ಹೊಸ ಗಣಕ: ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ಹೆಸರುಗಳ ಲಿಪಿಚರಿತ್ರೆ

೧

ಕಲಬುರಗಿ ಜಿಲ್ಲೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳಿವೆ. ಆಳಂದವು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿದೆ. ಅಲ್ಲಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಜೇವರ್ಗಿಯು ಭೀಮೆಯ ದಕ್ಷಿಣಕ್ಕಿದೆ. ಈ ಸೀಮೆಯ ದರ್ಗಾ, ದೇವಾಲಯ, ಶಾಸನಗಳ ವಿಷಯವಾಗಿ ಬರೆದವರುಂಟು. ಪ್ರಕೃತ ಲೇಖನದ ವಿಷಯ ಅವುಗಳಲ್ಲಿ ಯಾವುದೂ ಅಲ್ಲ. ಈ ಮೂರು ಊರುಗಳ ಹೆಸರುಗಳು ಸರಕಾರದ ದಫ್ತರಗಳಲ್ಲಿ ಒಂದು ಬರವಣಿಗೆಯ ಪದ್ಧತಿಯಿಂದ ಇನ್ನೊಂದಕ್ಕೆ ಸಾಗಿಬಂದಾಗ ಅವುಗಳಿಗೆ ಏನಾಯಿತು ಎಂಬುದನ್ನು ನೋಡಿ, ಅದರಿಂದ ಇಂದಿನ ಒಂದು ಪ್ರಶ್ನೆಯನ್ನು ನಿರ್ಣಯಿಸುವುದೇ ಇದರ ಉದ್ದೇಶ.

ಆ ಪ್ರಶ್ನೆ ಇದು. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಬರೆಯುವುದಕ್ಕಾಗಿ ರಚಿತವಾದ ತಂತ್ರಾಂಶಗಳು ಇಂದಿನ ಗಣಕಗಳ ಕಾರ್ಯವ್ಯವಸ್ಥೆಯಲ್ಲಿ ನೆಲೆಗೊಳ್ಳುವುದಿಲ್ಲ. ನೆಲೆಗೊಂಡರೂ ಸರಿಯಾಗಿ ನಡೆಯುವುದಿಲ್ಲ. ಅವುಗಳಲ್ಲಿ ಬರೆದಿಟ್ಟ ಕಡತಗಳಾದರೋ ಇನ್ನೂ ಉಳಿದಿವೆ. ಹೀಗಿರಲು, ಹಳೆಯ ತಂತ್ರಾಂಶವನ್ನು ಹೇಗಾದರೂ ಮಾಡಿ ಹೊಸ ಯಂತ್ರದಲ್ಲಿ ಸ್ಥಾಪಿಸಬೇಕೆ? ಅಥವಾ ಅದನ್ನು ಬಿಟ್ಟು ಬರಹವನ್ನು ಮಾತ್ರ ಹೊಸ ಸಂಕೇತಕ್ಕೆ ತಂದರೆ ಸಾಕೆ? ಇದು ಕೇವಲ ಯಂತ್ರಜ್ಞರ ವಿಚಾರವೆಂದು ತೋರಬಹುದು. ಆದರೆ ಆ ಕಡತಗಳಲ್ಲಿ ಜನರ ಹೆಸರು, ಊರಿನ ಹೆಸರು, ಹೊಲದ ಸರ್ವೇ ನಂಬರುಗಳಿರುವುದರಿಂದ ಇದು ಚರಿತ್ರೆಯ ವಿಚಾರವೂ ಆಗಿರುತ್ತದೆ.

೨

ಈ ಮೂರು ಸ್ಥಳಗಳೂ ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ, ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಸಂಸ್ಥಾನದ ಆಡಳಿತಭಾಷೆಯು ಪಾರಸಿಯಿಂದ ಉರ್ದುವಿಗೆ ಬದಲಾಯಿತು. ಜನರ ಮನೆಮಾತು ಬಹುಮಟ್ಟಿಗೆ ಕನ್ನಡ. ಆಳಂದದ ಗಡಿಯಲ್ಲಿ ಮರಾಠಿಯೂ ಉಂಟು. ಸರಕಾರದ ಕಾಗದಗಳಾದರೋ ಉರ್ದುವಿನಲ್ಲಿ, ಹಳೆಯ ಮರಾಠಿ ಕಾಗದಗಳು ಮೋಡಿಯಲ್ಲಿ, ಲೆಕ್ಕದ ಮೊತ್ತಗಳು ಎಷ್ಟೋ ವೇಳೆ ರಖಂ ಎಂಬ ಸಂಕ್ಷೇಪಲಿಪಿಯಲ್ಲಿ, ವರ್ಷಗಣನೆ ಫಸಲಿಯಲ್ಲಿ. ಹೈದರಾಬಾದಿನ ಭೂಕಂದಾಯ ಕಾಯಿದೆಯನ್ನು ಇಂದಿಗೂ ಫಸಲಿ ೧೩೧೭ರ ಕಾಯಿದೆಯೆಂದೇ ಕರೆಯುವರು. ಅದಕ್ಕೆ ೫೯೦ನ್ನು ಕೂಡಿಸಿದರೆ ಕ್ರಿಸ್ತಶಕ ೧೯೦೭ ದೊರೆಯುವುದು.

ಉರ್ದು ಲಿಪಿಯಲ್ಲಿ ಳಕಾರವಿಲ್ಲ. ಆದುದರಿಂದ ಆಳಂದವನ್ನು ಬರೆಯುವ ಗುಮಾಸ್ತನು ಲಾಮ್ ಎಂಬ ಅಕ್ಷರವನ್ನೇ ಹಾಕಬೇಕಾಗಿತ್ತು. ಕಾಗದದ ಮೇಲೆ ಆ ಊರು ಆಲಂದವಾಯಿತು. ಜೇವರ್ಗಿಯ ಹೆಸರಿನಲ್ಲಿ ಜೀಮ್, ಯೇ, ವಾವ್, ರೇ, ಗಾಫ್, ಯೇ ಎಂಬ ಆರು ಅಕ್ಷರಗಳು ಬರುವವು. ಅವುಗಳಲ್ಲಿ ಯೇ ಎಂಬುದು ಏಕಾರವೂ ಆಗಬಹುದು, ಈಕಾರವೂ ಆಗಬಹುದು. ವಾವ್ ಎಂಬುದು ವಕಾರವಾಗಬಹುದು, ಊಕಾರ ಓಕಾರಗಳೂ ಆಗಬಹುದು. ಇದಕ್ಕೆ ವ್ಯತಿರಿಕ್ತವಾಗಿ ಅಫಜಲಪುರವು ಉರ್ದುವಿನಲ್ಲಿ ತನ್ನ ಮೂಲರೂಪದಲ್ಲಿಯೇ ಇತ್ತು. ಅದು ಕನ್ನಡಕ್ಕೆ ಬಂದಾಗ 'ಅಫ್ಜಲ್' ಎಂಬ ಶಬ್ದದ ಎರಡು ಪರಕೀಯ ಧ್ವನಿಗಳು ಕನ್ನಡದ ಫಕಾರ ಜಕಾರಗಳಲ್ಲಿ ಲೀನವಾದವು. ಕನ್ನಡದಲ್ಲಿಯೂ ಅಫಜಲಪುರ, ಅಫಜಲಪೂರ, ಅಫಜಲ್‌ಪುರ ಎಂದು ಬಗೆಬಗೆಯಾಗಿ ಬರೆಯುವುದು ರೂಢಿಯಾಯಿತು.

ಇಷ್ಟಾದರೂ ದಫ್ತರಗಳು ಕೆಟ್ಟುಹೋಗಲಿಲ್ಲ. ಕಾರಣವೇನೆಂದರೆ, ಲಿಪಿಯಲ್ಲಿ ಇಲ್ಲದುದನ್ನು ತಿಳಿದು ಓದುವ ಮನುಷ್ಯರಿದ್ದರು. ಊರನ್ನು ಬಲ್ಲ ಮುನ್ಷಿಯು ಆಲಂದವೆಂದು ಬರೆದುದನ್ನು ಆಳಂದವೆಂದೇ ಓದುವನು. ೧೯೫೬ರ ಅನಂತರ ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿ, ೧೯೬೩ರಲ್ಲಿ ಕನ್ನಡವು ಕಾಯಿದೆಯ ಮೂಲಕ ಆಡಳಿತಭಾಷೆಯಾದ ಮೇಲೆಯೂ ಹಳೆಯ ಹಕ್ಕುಗಳ ವಿಷಯವಾಗಿ ವ್ಯಾಜ್ಯ ಬಂದಾಗ ಉರ್ದು, ಮೋಡಿಗಳನ್ನು ಓದಬಲ್ಲವರನ್ನು ಹುಡುಕಬೇಕಾಗುವುದು. ಕಾಗದ ಉಳಿಯುವುದೊಂದು, ಕಾಗದವನ್ನು ಓದುವ ವಿದ್ಯೆ ಉಳಿಯುವುದು ಇನ್ನೊಂದು. ಈ ಭೇದವನ್ನು ಮುಂದಿನ ವಿಚಾರದಲ್ಲಿ ನೆನಪಿನಲ್ಲಿಡತಕ್ಕದ್ದು.

೩

ಗಣಕದಲ್ಲಿ ಭಾರತೀಯ ಲಿಪಿಗಳನ್ನು ಬರೆಯುವ ಪ್ರಯತ್ನಗಳಲ್ಲಿ ಕಾನಪುರದ ಐಐಟಿಯಲ್ಲಿ ಮೊದಲಾಗಿ, ೧೯೮೮ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬುದು ಮುಖ್ಯವಾದುದು. ಅದರ ಆರಂಭದ ರೂಪವು ಗಣಕದೊಳಗೆ ಸೇರಿಸತಕ್ಕ ಒಂದು ವಿದ್ಯುತ್ ಫಲಕ. ಆ ಫಲಕವಿಲ್ಲದಿದ್ದರೆ ತೆರೆಯ ಮೇಲೆ ಕನ್ನಡವೂ ಇಲ್ಲ. ಅದೇ ಕಾಲದಲ್ಲಿ ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಇಸ್ಕಿ ಎಂಬ ಸಂಕೇತವು ೧೯೮೮ರಲ್ಲಿ ಸಿದ್ಧವಾಗಿ, ೧೯೯೧ರಲ್ಲಿ ಪರಿಷ್ಕೃತವಾಗಿ ರಾಷ್ಟ್ರೀಯ ಮಾನಕವಾಯಿತು. ಇನ್ನೊಂದು ಕಡೆ ಕೆ. ಪಿ. ರಾವ್ ಅವರು ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಸೇಡಿಯಾಪು ಎಂಬ ತಂತ್ರಾಂಶವನ್ನು ರಚಿಸಿದರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶವು ಹೊರಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವು ೨೦೦೦ದ ತರುವಾಯ ರಾಜ್ಯ ಸರಕಾರದ ಕಚೇರಿಗಳಲ್ಲಿ ನೆಲೆಯೂರಿತು, ಕೆ. ಪಿ. ರಾವ್ ಅವರ ಕೀಲಿಮಣೆಯೇ ಅದಕ್ಕೆ ಆಧಾರವಾಯಿತು.

ಇದೇ ವರ್ಷಗಳಲ್ಲಿ ಪಹಣಿಗಳು ಗಣಕಕ್ಕೆ ಬಂದವು. ಭೂಮಿ ಎಂಬ ಯೋಜನೆಯಲ್ಲಿ ಮೊದಲು ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗ ನಡೆದು, ೨೦೦೨ರ ಹೊತ್ತಿಗೆ ರಾಜ್ಯದ ೧೭೭ ತಾಲ್ಲೂಕುಗಳಿಗೂ ಅದು ವ್ಯಾಪಿಸಿತು. ಸುಮಾರು ೬೭ ಲಕ್ಷ ರೈತರಿಗೆ ಸಂಬಂಧಪಟ್ಟ ಸುಮಾರು ೨ ಕೋಟಿ ಪಹಣಿಗಳು ಹೀಗೆ ಗಣಕವನ್ನು ಸೇರಿದವು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಇದ್ದ ಮಾನ್ಯತೆಯು ತಾಲ್ಲೂಕಿನಿಂದ ತಾಲ್ಲೂಕಿಗೆ ರದ್ದಾಯಿತು. ಆಳಂದ, ಅಫಜಲಪುರ, ಜೇವರ್ಗಿಗಳೂ ಈ ೧೭೭ರಲ್ಲಿ ಸೇರಿದ್ದವು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ರಚಿಸಿದ ಆ ತಂತ್ರಾಂಶವು ವಿಂಡೋಸ್ ಎನ್‌ಟಿ ಎಂಬ ಕಾರ್ಯವ್ಯವಸ್ಥೆಯಲ್ಲಿ ವಿಷುವಲ್ ಬೇಸಿಕ್ ಭಾಷೆಯಲ್ಲಿ ನಿರ್ಮಿತವಾಗಿತ್ತು. ಕನ್ನಡದ ಬರವಣಿಗೆಗೆ ಸಿ-ಡಾಕ್‌ನ ಸಾಧನವನ್ನು ಅವಲಂಬಿಸಿತ್ತು. ಕನ್ನಡ ನಾಡಿನ ಭೂಮಿಯ ಲೆಕ್ಕವೆಲ್ಲ ಇಂತಹ ಮೂರು ನಾಲ್ಕು ಆಧಾರಗಳ ಮೇಲೆ ನಿಂತಿತು. ಅವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಆಯುಷ್ಯ.

ನುಡಿ, ಬರಹಗಳ ಮೊದಲ ಆವೃತ್ತಿಗಳಲ್ಲಿ ಕನ್ನಡವನ್ನು ಕೂಡಿಟ್ಟ ರೀತಿಯನ್ನು ಇಲ್ಲಿಯೇ ವಿವರಿಸಬೇಕು. ಆ ಕಾಲದ ಫಾಂಟುಗಳಲ್ಲಿ ಇದ್ದುದು ಒಟ್ಟು ೨೫೬ ಸ್ಥಾನಗಳು. ಅವುಗಳಲ್ಲಿ ಯುರೋಪಿನ ಭಾಷೆಗಳ ಅಕ್ಷರಗಳು ಕುಳಿತಿದ್ದವು. ಕನ್ನಡದ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಸಾವಿರಾರು ಆಗುವುದರಿಂದ ಅವೆಲ್ಲಕ್ಕೂ ಸ್ಥಾನವಿರಲಿಲ್ಲ. ಆದುದರಿಂದ ಅಚ್ಚುಮೊಳೆ ಜೋಡಿಸುವವರಂತೆ ಅಕ್ಷರವನ್ನು ಚೂರುಗಳಾಗಿ ಒಡೆದರು: ತಲೆಕಟ್ಟು ಬೇರೆ, ಎತ್ವ ಬೇರೆ, ದೀರ್ಘ ಬೇರೆ, ಅರ್ಕಾವೊತ್ತು ಬೇರೆ. ಒಂದೊಂದು ಚೂರನ್ನೂ ಒಂದೊಂದು ಪರಕೀಯ ಅಕ್ಷರದ ಸ್ಥಾನದಲ್ಲಿ ಕೂರಿಸಿದರು. ಗಣಕಕ್ಕೆ ತಾನು ಕನ್ನಡವನ್ನು ಕಾಪಾಡುತ್ತಿರುವೆನೆಂಬ ತಿಳಿವಳಿಕೆಯೇ ಇರಲಿಲ್ಲ. ಅದರ ಪಾಲಿಗೆ ಅದೆಲ್ಲವೂ ಅರ್ಥವಿಲ್ಲದ ಯುರೋಪಿನ ಅಕ್ಷರಗಳ ಸಾಲು. ಕಣ್ಣಿಗೆ ಮಾತ್ರ ಅದು ಕನ್ನಡ.

೪

ಇನ್ನು ಹಳೆಯ ತಂತ್ರಾಂಶವು ಹೊಸ ಗಣಕದಲ್ಲಿ ನೆಲೆಗೊಳ್ಳದಿರುವುದಕ್ಕೆ ಕಾರಣಗಳೇನು? ಅವು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಯಂತ್ರದ ಪದರ. ವಿಂಡೋಸ್ ೩.೧ರ ಕಾಲದ ತಂತ್ರಾಂಶಗಳು ೧೬ ಬಿಟ್ಟಿನವು. ಅನಂತರದವು ೩೨ ಬಿಟ್ಟಿನವು. ಈಗಿನ ಗಣಕಗಳು ೬೪ ಬಿಟ್ಟಿನವು. ೬೪ ಬಿಟ್ಟಿನ ವಿಂಡೋಸ್ ೩೨ ಬಿಟ್ಟಿನ ತಂತ್ರಾಂಶವನ್ನು ನಡೆಸುತ್ತದೆ, ೧೬ ಬಿಟ್ಟಿನದನ್ನು ನಡೆಸುವುದಿಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧ಕ್ಕೆ ೩೨ ಬಿಟ್ಟಿನ ಆವೃತ್ತಿಯೇ ಇಲ್ಲ. ಇಲ್ಲೊಂದು ಸೂಕ್ಷ್ಮವುಂಟು. ೧೯೯೦ರ ದಶಕದ ಎಷ್ಟೋ ತಂತ್ರಾಂಶಗಳು ತಾವು ೩೨ ಬಿಟ್ಟಿನವಾಗಿದ್ದರೂ ಅವುಗಳನ್ನು ಗಣಕದಲ್ಲಿ ಸ್ಥಾಪಿಸುವ ಚಿಕ್ಕ ಕಾರ್ಯಕ್ರಮವು ೧೬ ಬಿಟ್ಟಿನದಾಗಿರುತ್ತಿತ್ತು. ಬಾಗಿಲು ತೆರೆಯದುದರಿಂದ ಮನೆಯೇ ಹಾಳೆಂದು ತಿಳಿದು, ನಡೆಯಬಲ್ಲ ತಂತ್ರಾಂಶವನ್ನೂ ಜನರು ಬಿಟ್ಟುಬಿಟ್ಟ ಸಂದರ್ಭಗಳು ಇದರಿಂದ ಉಂಟಾಗುವವು. ಇಂತಹವುಗಳಲ್ಲಿ ಕಡತಗಳನ್ನು ಕೈಯಿಂದಲೇ ಹೊಸ ಯಂತ್ರಕ್ಕೆ ನಕಲುಮಾಡಿದರೆ ಅನೇಕ ವೇಳೆ ಕಾರ್ಯವು ಸಾಗುವುದು.

ಎರಡನೆಯದು, ಅಧಿಕಾರ. ಹಳೆಯ ತಂತ್ರಾಂಶಗಳು ಕಾರ್ಯವ್ಯವಸ್ಥೆಯ ಸ್ವಂತ ಕೋಶಗಳಲ್ಲಿಯೇ ತಮ್ಮ ಸಾಮಾನುಗಳನ್ನು ಇಡುತ್ತಿದ್ದವು. ೨೦೦೭ರಲ್ಲಿ ಪ್ರಚಾರಕ್ಕೆ ಬಂದ ವಿಂಡೋಸ್ ವಿಸ್ಟಾದಿಂದ ಮುಂದೆ ಆಡಳಿತಾಧಿಕಾರಿಯ ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ಸಾಧ್ಯವಾಗಲಿಲ್ಲ. ಆ ಒಪ್ಪಿಗೆಯನ್ನು ಕೊಟ್ಟು, ಹಳೆಯ ಆವೃತ್ತಿಗೆ ಹೊಂದಿಕೆಯಾಗುವ ರೀತಿಯಲ್ಲಿ ನಡೆಸುವಂತೆ ಆಜ್ಞಾಪಿಸಿದರೆ ಕೆಲವು ತಂತ್ರಾಂಶಗಳು ನಡೆಯುವವು.

ಮೂರನೆಯದು, ಹೊರಗಿನ ಉಪಕರಣಗಳು. ಜಿಸ್ಟ್ ಫಲಕವನ್ನು ಸೇರಿಸುತ್ತಿದ್ದ ಸೀಳು ಈಗಿನ ಗಣಕಗಳಲ್ಲಿಲ್ಲ. ಅಚ್ಚುಕೂಟಗಳ ಕೆಲವು ತಂತ್ರಾಂಶಗಳಿಗೆ ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸುವ ಬೀಗದ ತುಂಡೊಂದು ಬೇಕಾಗಿತ್ತು. ಆ ಪೋರ್ಟೂ ಹೋಯಿತು. ಬೀಗದ ತುಂಡು ಕೈಯಲ್ಲಿದ್ದರೂ ಅದನ್ನು ನಡೆಸುವ ಹಳೆಯ ಡ್ರೈವರನ್ನು ೬೪ ಬಿಟ್ಟಿನ ವ್ಯವಸ್ಥೆಯು ಪ್ರಮಾಣಿತ ಸಹಿಯಿಲ್ಲವೆಂದು ತಿರಸ್ಕರಿಸುವುದು.

ನಾಲ್ಕನೆಯದು, ಕೀಲಿಮಣೆ. ಹಳೆಯ ಕನ್ನಡ ತಂತ್ರಾಂಶಗಳು ಬೆರಳಿನ ಒತ್ತನ್ನು ನಡುದಾರಿಯಲ್ಲಿ ಹಿಡಿದು ಕನ್ನಡವಾಗಿ ಮಾರ್ಪಡಿಸುವುವು. ೩೨ ಬಿಟ್ಟಿನ ಇಂತಹ ಕೊಂಡಿಯು ೬೪ ಬಿಟ್ಟಿನ ತಂತ್ರಾಂಶದೊಳಗೆ ಪ್ರವೇಶಿಸಲಾರದು. ಆದುದರಿಂದ ಕೆಲವು ವೇಳೆ ಹಳೆಯ ಸಂಪಾದಕದಲ್ಲಿ ಕನ್ನಡ ಮೂಡುವುದು, ಪಕ್ಕದ ಹೊಸ ತಂತ್ರಾಂಶದಲ್ಲಿ ಮೂಡುವುದಿಲ್ಲ.

ಈ ನಾಲ್ಕಕ್ಕೂ ಬಹುಮಟ್ಟಿಗೆ ಸಲ್ಲುವ ಪರಿಹಾರವೊಂದುಂಟು. ಹೊಸ ಗಣಕದೊಳಗೆ ಕಲ್ಪಿತವಾದ ಇನ್ನೊಂದು ಗಣಕವನ್ನು ನಿರ್ಮಿಸಿ, ಅದರಲ್ಲಿ ಹಳೆಯ ಕಾರ್ಯವ್ಯವಸ್ಥೆಯನ್ನೇ ಸ್ಥಾಪಿಸಿ, ಅದರ ಮೇಲೆ ಹಳೆಯ ತಂತ್ರಾಂಶವನ್ನು ನಡೆಸುವುದು. ಡಾಸ್ ಕಾಲದವುಗಳಿಗೆ ಡಾಸ್‌ಬಾಕ್ಸ್, ವಿಂಡೋಸ್ ಕಾಲದವುಗಳಿಗೆ ವರ್ಚುಯಲ್‌ಬಾಕ್ಸ್ ಮೊದಲಾದವು ಈ ಕೆಲಸಕ್ಕೆ ಒದಗುವವು. ದೇವಾಲಯದ ಜೀರ್ಣೋದ್ಧಾರ ನಡೆಯುವಾಗ ದೇವರನ್ನು ಬಾಲಾಲಯದಲ್ಲಿ ಇಡುವಂತೆ ಇದು ಒಂದು ಮಧ್ಯಕಾಲದ ಏರ್ಪಾಡು. ವಿಂಡೋಸ್ ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಿಂದ ರಕ್ಷಣೆಯ ಪರಿಷ್ಕರಣಗಳು ನಿಂತಿರುವುದರಿಂದ ಇಂತಹ ಕಲ್ಪಿತ ಗಣಕವನ್ನು ಅಂತರಜಾಲಕ್ಕೆ ಸೇರಿಸದೆ ಇಡುವುದು ಅವಶ್ಯ.

೫

ತಂತ್ರಾಂಶವು ಹೀಗೆ ನಡೆಯಿತೆನ್ನೋಣ. ಅದರಿಂದ ಬರಹವನ್ನು ಯೂನಿಕೋಡ್‌ಗೆ ತರುವುದು ಎರಡನೆಯ ಹೆಜ್ಜೆ. ೧೯೯೧ರ ಅಕ್ಟೋಬರಿನಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು ಮೀಸಲಾದವು. ಆದರೆ ಜನಸಾಮಾನ್ಯರ ವಿಂಡೋಸ್‌ನಲ್ಲಿ ಕನ್ನಡವು ಮೂಡಿದ್ದು ೨೦೦೧ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಮಾನಕವು ಸಿದ್ಧವಾಗಿ ಹತ್ತು ವರ್ಷಗಳ ಮೇಲೆ ಅದು ಬಳಕೆಗೆ ಒದಗಿತು. ಆ ಹತ್ತು ವರ್ಷಗಳಲ್ಲಿಯೇ ಕನ್ನಡದ ಕಡತಗಳು ಚೂರುಗಳ ಪದ್ಧತಿಯಲ್ಲಿ ಬೆಳೆದವು. ಇಂದಿನ ತೊಡಕಿಗೆ ಮೂಲವು ಈ ಅಂತರದಲ್ಲಿದೆ.

ಜೇವರ್ಗಿ ಎಂಬ ಹೆಸರನ್ನು ತೆಗೆದುಕೊಂಡು ನೋಡಬಹುದು. ನುಡಿಯ ಹಳೆಯ ಸಂಕೇತದಲ್ಲಿ ಅದು ೭ ಚೂರುಗಳು: ಜಕಾರದ ಒಡಲು, ಎತ್ವ, ದೀರ್ಘ, ವಕಾರದ ಒಡಲು, ತಲೆಕಟ್ಟು, ಗಿ ಎಂಬ ಇಡಿಯ ಅಕ್ಷರ, ಕೊನೆಯಲ್ಲಿ ಅರ್ಕಾವೊತ್ತು. ಯೂನಿಕೋಡ್‌ನಲ್ಲಿಯೂ ಅದು ೭ ಸಂಕೇತಗಳೇ: ಜಕಾರ ೩೨೨೮, ಏಕಾರಚಿಹ್ನೆ ೩೨೭೧, ವಕಾರ ೩೨೫೩, ರಕಾರ ೩೨೪೮, ಹಲಂತಚಿಹ್ನೆ ೩೨೭೭, ಗಕಾರ ೩೨೨೩, ಇಕಾರಚಿಹ್ನೆ ೩೨೬೩. ಎಣಿಕೆ ಒಂದೇ ಆದರೂ ಒಳಗಿನ ಕ್ರಮವು ಬೇರೆ. ಮೊದಲನೆಯದರಲ್ಲಿ ತಲೆಕಟ್ಟಿಗೆ ಸ್ಥಾನವುಂಟು. ಎರಡನೆಯದರಲ್ಲಿ ಅದು ಇಲ್ಲವೇ ಇಲ್ಲ. ಮೊದಲನೆಯದರಲ್ಲಿ ಬರೆಯುವ ಕೈಯ ಕ್ರಮದಂತೆ ಅರ್ಕಾವೊತ್ತು ಕೊನೆಗೆ ಬರುವುದು. ಎರಡನೆಯದರಲ್ಲಿ ಉಚ್ಚಾರದ ಕ್ರಮದಂತೆ ರಕಾರವು ಗಕಾರಕ್ಕಿಂತ ಮೊದಲು ಬರುವುದು. ಹೀಗಾಗಿ ಒಂದು ಚೂರಿಗೆ ಒಂದು ಅಕ್ಷರವೆಂದು ಬದಲಿಸುತ್ತ ಹೋದರೆ ಸಾಲದು. ಪದದ ಒಳರಚನೆಯನ್ನು ತಿಳಿದು ಮರುಜೋಡಿಸಬೇಕು. ಇಷ್ಟರ ಮೇಲೆ ಏಕಾರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ೩೨೭೦ ಮತ್ತು ೩೨೮೫ ಎಂಬ ಎರಡರ ಕೂಡಿಕೆಯಾಗಿಯೂ ಬರೆಯಲು ಯೂನಿಕೋಡ್ ಅವಕಾಶ ಕೊಡುತ್ತದೆ. ಎರಡು ರೂಪಗಳೂ ಕಣ್ಣಿಗೆ ಒಂದೇ. ಆದರೆ ಅವುಗಳನ್ನು ಮೊದಲು ಏಕರೂಪಗೊಳಿಸದಿದ್ದರೆ, ಒಂದನ್ನು ಹುಡುಕುವವನಿಗೆ ಇನ್ನೊಂದು ಸಿಕ್ಕುವುದಿಲ್ಲ.

ಅಫಜಲ್‌ಪುರವೆಂದು ಬರೆದ ಕಡತದಲ್ಲಿ ಬೇರೊಂದು ಅಪಾಯವಿದೆ. ಹಳೆಯ ಫಾಂಟಿನಲ್ಲಿ ಲ್, ಅದರ ಪಕ್ಕದಲ್ಲಿ ಪು; ಎರಡೂ ಸುಮ್ಮನೆ ನಿಲ್ಲುವುವು. ಯೂನಿಕೋಡ್‌ನಲ್ಲಿ ಲಕಾರ, ಹಲಂತ, ಪಕಾರಗಳು ಒಟ್ಟಿಗೆ ಬಂದರೆ ಅವು ಒತ್ತಕ್ಷರವಾಗಿ ಕೂಡಿಕೊಂಡು ಊರಿನ ಹೆಸರು ಅಫಜಲ್ಪುರವಾಗುವುದು. ಅದನ್ನು ತಡೆಯಲು ೮೨೦೪ ಎಂಬ ಕಣ್ಣಿಗೆ ಕಾಣದ ಸಂಕೇತವನ್ನು ನಡುವೆ ಇಡಬೇಕು. ಇನ್ನು ಆ ಹೆಸರಿನ ಮೂಲಧ್ವನಿಗಳನ್ನು ತೋರಿಸಬೇಕಾದರೆ ಅಕ್ಷರದ ಕೆಳಗೆ ನುಕ್ತಾ ಚಿಹ್ನೆ ಬೇಕು. ಕನ್ನಡದ ನುಕ್ತಾಕ್ಕೆ ೩೨೬೦ ಎಂಬ ಸ್ಥಾನ ದೊರೆತುದು ೨೦೦೩ರ ನಾಲ್ಕನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲಿನಿಂದ ೩೨೯೪ರ ಸ್ಥಾನಕ್ಕೆ ಕನ್ನಡದ 'ಫ' ಎಂಬ ಅರ್ಥದ ಇಂಗ್ಲಿಷ್ ಹೆಸರು ಇದೆ. ಅಲ್ಲಿರುವ ಅಕ್ಷರವಾದರೋ ಹಳಗನ್ನಡದ ೞಕಾರ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡ್‌ನ ನಿಯಮವಾದುದರಿಂದ ಆ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಸೇರಿದೆ. ದಫ್ತರದಲ್ಲಿ ಬಿದ್ದ ತಪ್ಪನ್ನು ಅಳಿಸದೆ ಪಕ್ಕದಲ್ಲಿ ತಿದ್ದುಪಡಿ ಬರೆಯುವ ಕಂದಾಯದವರ ಸಂಪ್ರದಾಯಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಆಳಂದವು ಈ ಪ್ರಯಾಣದಲ್ಲಿ ಸುಖವಾಗಿ ದಾಟಿತು. ಉರ್ದುವಿನಲ್ಲಿ ಕಳೆದುಕೊಂಡಿದ್ದ ಳಕಾರವು ನುಡಿಯಲ್ಲಿಯೂ ಉಂಟು, ಯೂನಿಕೋಡ್‌ನಲ್ಲಿಯೂ ಉಂಟು. ಒಂದು ದಾಟುವಿಕೆಯಲ್ಲಿ ಕೆಟ್ಟ ಹೆಸರು ಇನ್ನೊಂದರಲ್ಲಿ ಕೆಡುವುದಿಲ್ಲ. ಅಲ್ಲಿ ಉಳಿದುದು ಇಲ್ಲಿ ಕೆಡಬಹುದು. ಆದುದರಿಂದ ಒಂದು ಹೆಸರು ಸರಿಯಾಗಿ ಬಂದಿತೆಂದು ಕಡತವೆಲ್ಲವೂ ಸರಿಯೆಂದು ನಂಬುವುದು ಯುಕ್ತವಲ್ಲ.

೬

ಈ ವಿಷಯದಲ್ಲಿ ಎರಡು ಮತಗಳಿವೆ. ಹಳೆಯ ಫಾಂಟುಗಳು ಇಂದಿನ ಗಣಕಗಳಲ್ಲಿಯೂ ಸ್ಥಾಪಿತವಾಗುವುದರಿಂದ ಕಡತಗಳನ್ನು ಓದುವುದಕ್ಕೆ ಅಡ್ಡಿಯಿಲ್ಲ, ತಂತ್ರಾಂಶವನ್ನು ಉಳಿಸುವ ಶ್ರಮವು ವ್ಯರ್ಥವೆಂಬುದು ಒಂದು. ಹಳೆಯ ತಂತ್ರಾಂಶವನ್ನು ಹೇಗಾದರೂ ನಡೆಸುತ್ತಿದ್ದರೆ ಸಾಕು, ಬರಹವನ್ನು ಬದಲಿಸುವ ಗೊಡವೆಯೇ ಬೇಡವೆಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ.

ಫಾಂಟು ಇದ್ದರೆ ಕಣ್ಣಿಗೆ ಕನ್ನಡ ಕಾಣುವುದು ನಿಜ. ಆದರೆ ಅದನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಇನ್ನೊಂದು ದಾಖಲೆಯೊಡನೆ ತಾಳೆ ನೋಡಲಾಗದು. ಪಹಣಿಯಲ್ಲಿನ ಹೆಸರನ್ನು ಆಧಾರ್‌ನೊಡನೆಯೂ ಬ್ಯಾಂಕಿನ ಖಾತೆಯೊಡನೆಯೂ ಜೋಡಿಸುವ ಈ ಕಾಲದಲ್ಲಿ ತಾಳೆ ಬೀಳದ ಹೆಸರಿನ ಫಲವನ್ನು ರೈತನು ಅನುಭವಿಸಬೇಕಾಗುವುದು. ಅಲ್ಲದೆ ಎಲ್ಲ ತಂತ್ರಾಂಶಗಳ ಕಡತಗಳೂ ಬರಿಯ ಅಕ್ಷರಗಳ ಸಾಲಲ್ಲ. ಅನೇಕವು ತಮ್ಮ ತಂತ್ರಾಂಶಕ್ಕೆ ಮಾತ್ರ ತಿಳಿಯುವ ರೂಪದಲ್ಲಿ ಮುಚ್ಚಿಕೊಂಡಿರುವುವು. ಅವುಗಳನ್ನು ತೆರೆಯುವುದಕ್ಕೆ ಆ ತಂತ್ರಾಂಶವೇ ಬೇಕು. ಎರಡನೆಯ ಮತದವರಿಗೆ ಹೇಳತಕ್ಕದ್ದೇನೆಂದರೆ, ಕಲ್ಪಿತ ಗಣಕವೂ ಒಂದು ತಂತ್ರಾಂಶವೇ, ಅದಕ್ಕೂ ಆಯುಷ್ಯವುಂಟು. ಎಲ್ಲ ಕಾಲಕ್ಕೂ ಮುನ್ಷಿಯನ್ನು ಕೂರಿಸಿಕೊಂಡೇ ದಫ್ತರವನ್ನು ಓದಿಸುವೆನೆನ್ನುವುದು ದೂರದೃಷ್ಟಿಯಾಗದು.

ಆದುದರಿಂದ ಹಳೆಯ ತಂತ್ರಾಂಶವನ್ನು ಹೊಸ ಗಣಕದಲ್ಲಿ ಸ್ಥಾಪಿಸುವುದು ಅಗತ್ಯವೇ. ಆದರೆ ದುಭಾಷಿಯಾಗಿ ಮಾತ್ರ, ನಿವಾಸಿಯಾಗಿ ಅಲ್ಲ. ಅದರಿಂದ ಬರಹವನ್ನು ಒಮ್ಮೆ ಹೊರತೆಗೆದು, ಯೂನಿಕೋಡ್‌ಗೆ ತಂದು, ಹಳೆಯ ತಂತ್ರಾಂಶವು ತೆರೆಯ ಮೇಲೆ ತೋರಿಸುವ ಪುಟದೊಡನೆ ಅಕ್ಷರಶಃ ಹೋಲಿಸಬೇಕು. ಈ ಹೋಲಿಕೆಯು ಫಾಂಟಿನಿಂದ ಮಾತ್ರ ಸಾಧ್ಯವಾಗದೆ ತಂತ್ರಾಂಶದಿಂದ ಸಾಧ್ಯವಾಗುವುದೇ ಅದನ್ನು ಉಳಿಸುವುದಕ್ಕೆ ಪ್ರಬಲವಾದ ಕಾರಣ. ಮೂಲ ಕಡತವನ್ನು ಎಂದಿಗೂ ತಿದ್ದಬಾರದು. ಹಳೆಯ ಸಂಕೇತದ ಕಡತವನ್ನು ಯೂನಿಕೋಡ್ ಎಂದು ತಪ್ಪಾಗಿ ತಿಳಿದು ತೆರೆದ ತಂತ್ರಾಂಶವು ತನಗೆ ತಿಳಿಯದ ಚೂರುಗಳ ಸ್ಥಾನದಲ್ಲಿ ಪ್ರಶ್ನಚಿಹ್ನೆಯಂತಹ ಗುರುತನ್ನು ಹಾಕುವುದುಂಟು. ಅದನ್ನು ಹಾಗೆಯೇ ಉಳಿಸಿದರೆ ಮೂಲವು ಮತ್ತೆ ದೊರೆಯುವುದಿಲ್ಲ. ಉರ್ದುವಿನ ಕಾಗದದಲ್ಲಿ ಳಕಾರವು ಲಕಾರವಾದರೂ ಊರು ಬಲ್ಲವನು ಅದನ್ನು ಸರಿಪಡಿಸಬಹುದಾಗಿತ್ತು. ಇಲ್ಲಿ ಸರಿಪಡಿಸಲು ಏನೂ ಉಳಿಯುವುದಿಲ್ಲ.

ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳನ್ನು ಚಿತ್ರರೂಪದಲ್ಲಿ ಕಾಪಾಡುವ ಭೂಸುರಕ್ಷಾ ಯೋಜನೆಯು ೨೦೨೪ರಲ್ಲಿ ಕರ್ನಾಟಕದಲ್ಲಿ ಆರಂಭವಾಯಿತು. ಕಾಗದದ ವಿಷಯದಲ್ಲಿ ತೋರಿದ ಈ ಎಚ್ಚರಿಕೆಯು ಆರಂಭದ ಗಣಕಯುಗದ ಕಡತಗಳ ವಿಷಯದಲ್ಲಿಯೂ ಅವಶ್ಯವಾಗಿದೆ. ಏಕೆಂದರೆ ಆಯುಷ್ಯದಲ್ಲಿ ಅವು ಕಾಗದಕ್ಕಿಂತ ಕಿರಿದಾದವು. ನೂರು ವರ್ಷದ ಉರ್ದು ಪಟ್ಟಿಯನ್ನು ಬಲ್ಲವರು ಇಂದಿಗೂ ಓದಬಹುದು, ೧.೪೪ ಮೆಗಾಬೈಟಿನ ಫ್ಲಾಪಿಯನ್ನು ಓದುವ ಸಾಧನವೇ ಹೊಸ ಗಣಕಗಳಲ್ಲಿಲ್ಲ, ಅದರ ಕಾಂತಲೇಪವೂ ವರ್ಷ ವರ್ಷಕ್ಕೆ ಕ್ಷೀಣಿಸುವುದು. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇರುವುದರಿಂದ ಉರ್ದು, ಮೋಡಿ, ನುಡಿ, ಯೂನಿಕೋಡ್ ಎಂಬ ನಾಲ್ಕು ಪದರಗಳನ್ನು ಒಟ್ಟಿಗೆ ಪರಿಶೋಧಿಸುವುದಕ್ಕೆ ಈ ಸೀಮೆಯು ಯೋಗ್ಯವಾದ ಕ್ಷೇತ್ರವಾಗಿರುವುದು. ಆ ಕೆಲಸಕ್ಕೆ ಬೇಕಾದವರಲ್ಲಿ ಮುಖ್ಯರು, ಮೊದಲ ಪಹಣಿಗಳನ್ನು ಕೀಲಿಮಣೆಯಲ್ಲಿ ಒತ್ತಿದವರು ಮತ್ತು ಅವುಗಳನ್ನು ತಾಳೆ ನೋಡಿದ ಗ್ರಾಮಲೆಕ್ಕಿಗರು. ಅವರಲ್ಲಿ ಅನೇಕರು ಈಗಾಗಲೇ ನಿವೃತ್ತಿಯ ವಯಸ್ಸಿನವರಾಗಿರುವುದರಿಂದ, ಯಾವ ಹೆಸರನ್ನು ಯಾವ ಕಾರಣಕ್ಕೆ ಹೇಗೆ ಬರೆದರೆಂಬುದನ್ನು ಅವರಿಂದ ಕೇಳಿ ಬರೆದಿಡುವುದೇ ಮೊದಲು ಆಗಬೇಕಾದ ಕೆಲಸ.